ಟಾರ್ಕೋಲ್‌ಗೊಂದು ತಂಡ ಕಟ್ಟಲು ಶೋಡೌನ್ ಸಾಕಾ?

ನನಗೆ ನಿಧಾನದ ಪೋಕೆಮಾನ್‌ಗಳೆಂದರೆ ಇಷ್ಟ. ಅದರಲ್ಲೂ ಟಾರ್ಕೋಲ್. ಚಿಪ್ಪಿನೊಳಗೆ ಕಲ್ಲಿದ್ದಲು ಉರಿಸಿಕೊಂಡು, ಮೂಗಿನಿಂದ ಹೊಗೆ ಬಿಡುತ್ತಾ ಕೂರುವ ಆಮೆ. ಬೇಸ್ ಸ್ಪೀಡ್, ಅಂದರೆ ಆ ಜಾತಿಯ ಮೂಲ ವೇಗ, ಬರೀ 20. ಇದನ್ನು ನಡುವೆ ಇಟ್ಟುಕೊಂಡು ಡಬಲ್ಸ್ (ಎರಡೆರಡು ಪೋಕೆಮಾನ್ ಒಟ್ಟಿಗೆ ಕಣಕ್ಕಿಳಿಯುವ ಆಟ) ತಂಡ ಕಟ್ಟಬೇಕೆಂದರೆ ಉಳಿದ ಐದೂ ಇದರ ಸೇವೆಗೇ ನಿಲ್ಲಬೇಕು. ಆ ಕೆಲಸಕ್ಕೆ ನಾನು ಬಳಸುವುದು ಪೋಕೆಮಾನ್ ಶೋಡೌನ್‌ನ ಟೀಮ್‌ಬಿಲ್ಡರ್. ಈ ವಿಮರ್ಶೆ ಅದರ ಬಗ್ಗೆ. ಆದರೆ ಟಾರ್ಕೋಲ್ ಬಿಟ್ಟು ಅದನ್ನು ವಿವರಿಸೋಕೆ ನನಗೆ ಬರುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಶೋಡೌನ್ 2011ರಲ್ಲಿ ಶುರುವಾದ ಉಚಿತ ಬ್ಯಾಟಲ್ ಸಿಮ್ಯುಲೇಟರ್. ಬ್ರೌಸರ್‌ನಲ್ಲೇ ಓಡುತ್ತದೆ. ಒಂದು ಹೆಸರು ಆರಿಸಿಕೊಂಡರೆ ಆಟ ಶುರು. ನಡೆಸುವುದು ಪೋಕೆಮಾನ್ ಪಂದ್ಯಗಳನ್ನು ಗಂಭೀರವಾಗಿ ಆಡುವವರ ಸ್ಮೋಗನ್ ಸಮುದಾಯ, ಕೋಡ್ ಎಲ್ಲರಿಗೂ ತೆರೆದಿದೆ. ನಿಂಟೆಂಡೊಗೂ ಇದಕ್ಕೂ ಸಂಬಂಧವಿಲ್ಲ. ಅಸಲಿ ಆಟದಲ್ಲಿ ಒಂದು ಪೋಕೆಮಾನ್ ಹಿಡಿದು, ಬೆಳೆಸಿ, ಸ್ವಭಾವ ತಿದ್ದಿ ಅಖಾಡಕ್ಕೆ ತರುವಷ್ಟರಲ್ಲಿ ಉತ್ಸಾಹವೇ ಆರಿಹೋಗಿರುತ್ತದೆ. ಇಲ್ಲಿ ಹೆಸರು ಟೈಪ್ ಮಾಡಿದರೆ ಬಂತು. ಬೇಡವೆನಿಸಿದರೆ ಅಳಿಸಿದರಾಯ್ತು. ಒಂದೇ ಪೋಕೆಮಾನ್ ಸುತ್ತ ತಂಡ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಯಾಕೆಂದರೆ ಆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಪದೇ ಪದೇ ಬದಲಾಗುತ್ತಲೇ ಇರುತ್ತದೆ.

ಟಾರ್ಕೋಲ್‌ನ ಪೆಟ್ಟಿಗೆ ತೆರೆದು ನೋಡೋಣ. ಎಬಿಲಿಟಿ (ತಾನಾಗಿ ಕೆಲಸ ಮಾಡುವ ಗುಣ) ಡ್ರೌಟ್, ಅಂದರೆ ಕಣಕ್ಕೆ ಇಳಿದ ಕೂಡಲೇ ಬಿಸಿಲು, ಬಿಸಿಲಲ್ಲಿ ಬೆಂಕಿ ಏಟಿಗೆ ಬಲ ಜಾಸ್ತಿ. ನೇಚರ್ (ಸ್ವಭಾವ) ಕ್ವೈಯೆಟ್, ಅದು ಸ್ಪೆಷಲ್ ಅಟ್ಯಾಕ್ ಏರಿಸಿ ಸ್ಪೀಡ್ ಇಳಿಸುತ್ತದೆ. ಹೆಲ್ತ್‌ಗೂ ಸ್ಪೆಷಲ್ ಅಟ್ಯಾಕ್‌ಗೂ 252 ಇವಿ, ಅಂದರೆ ನಾವು ಹಂಚುವ ತರಬೇತಿ ಅಂಕ. ಪಕ್ಕದಲ್ಲೇ ಲೆವೆಲ್ 50ರ ಲೆಕ್ಕ ಬದಲಾಗುತ್ತಾ ಹೋಗುತ್ತದೆ: ಹೆಲ್ತ್ 177, ಸ್ಪೆಷಲ್ ಅಟ್ಯಾಕ್ 150, ಸ್ಪೀಡ್ 36. ಈ 36 ನನಗೆ ಜಾಸ್ತಿ! ಸ್ಪೀಡ್ ಐವಿಯನ್ನು (ಹುಟ್ಟಿನಿಂದ ಬರುವ ಅಂಕ) 31ರಿಂದ 0ಗೆ ಇಳಿಸಿದರೆ 22ಕ್ಕೆ ಬರುತ್ತದೆ. ಕೈಯಾರೆ ಬೀಗ ಹಾಕಿಕೊಂಡಂತೆ ಕಾಣುತ್ತದೆ, ಅಲ್ವಾ? ಆದರೆ ಟ್ರಿಕ್ ರೂಮ್ ಅನ್ನುವ ಮೂವ್ ಜಾರಿಯಲ್ಲಿದ್ದಾಗ ನಿಧಾನದವರೇ ಮೊದಲು. ಇನ್ನೊಂದು ಲಾಭವೂ ಇದೆ. ಎದುರಾಳಿಯ ಪೆಲಿಪರ್ ಮಳೆ ತರುತ್ತದೆ, ನಮ್ಮ ಆಮೆ ಬಿಸಿಲು ತರುತ್ತದೆ. ಇಬ್ಬರೂ ಒಟ್ಟಿಗೆ ಇಳಿದರೆ ವೇಗದವರ ಎಬಿಲಿಟಿ ಮೊದಲು, ನಿಧಾನದವರದ್ದು ಕೊನೆಗೆ. ಕೊನೆಗೆ ಬಂದ ಹವಾಮಾನವೇ ನಿಲ್ಲುತ್ತದೆ. ಬೇಸ್ ಸ್ಪೀಡ್ 65ರ ಪೆಲಿಪರ್ ಅಲ್ಲಿ ಸೋಲುತ್ತದೆ.

ಮುಖ್ಯ ಅಸ್ತ್ರ ಇರಪ್ಷನ್. ಹೆಲ್ತ್ ತುಂಬಿದ್ದರೆ ಪವರ್ 150, ಎದುರಿಗಿರುವ ಇಬ್ಬರಿಗೂ ಬಡಿಯುತ್ತದೆ. ಹೆಲ್ತ್ ಅರ್ಧವಾದರೆ ಪವರ್ 75. ಶೋಡೌನ್‌ನ ಡ್ಯಾಮೇಜ್ ಕ್ಯಾಲ್ಕ್ಯುಲೇಟರ್ ಬೇರೆ ಪುಟದಲ್ಲಿದೆ, ಅದನ್ನು ತೆರೆದಿಟ್ಟುಕೊಂಡೇ ನಾನು ತಂಡ ಕಟ್ಟುವುದು. ಬಿಸಿಲು, ಡಬಲ್ಸ್, ಎದುರಿನವರ ಸ್ಪೆಷಲ್ ಡಿಫೆನ್ಸ್ 100, ಬೆಂಕಿಗೆ ಸಾಧಾರಣ ಪೆಟ್ಟು. ಹೀಗಿಟ್ಟರೆ 144ರಿಂದ 171. ಅದೇ ಟಾರ್ಕೋಲ್ ಅರ್ಧ ಹೆಲ್ತ್‌ನಲ್ಲಿದ್ದರೆ 72ರಿಂದ 85. ಹೆಲ್ತ್ ಶೇಕಡಾ 63ಕ್ಕಿಂತ ಕೆಳಗಿಳಿದರೆ 95 ಪವರ್‌ನ ಹೀಟ್ ವೇವ್ ಮೇಲು, ಹತ್ತರಲ್ಲಿ ಒಂದು ಸಲ ಗುರಿ ತಪ್ಪುತ್ತದೆ ಅನ್ನುವುದು ಬಿಟ್ಟರೆ. ಒಟ್ಟಿನಲ್ಲಿ, ಏಟು ಕೊಡುವ ಮೊದಲು ಟಾರ್ಕೋಲ್ ಏಟು ತಿನ್ನಲೇಬಾರದು. ತಂಡದ ಉಳಿದ ಐದು ಜಾಗಗಳನ್ನು ನಿರ್ಧರಿಸುವುದು ಇದೊಂದೇ ಷರತ್ತು.

ಟೀಮ್‌ಬಿಲ್ಡರ್‌ನ ಹುಡುಕು ಪೆಟ್ಟಿಗೆ ನನಗೆ ಅಚ್ಚುಮೆಚ್ಚು. ಅಲ್ಲಿ ಪೋಕೆಮಾನ್ ಹೆಸರನ್ನೇ ಕೊಡಬೇಕೆಂದಿಲ್ಲ. ಟ್ರಿಕ್ ರೂಮ್ ಅಂತ ಹೊಡೆದು ಫಿಲ್ಟರ್ ಹಾಕಿದರೆ ಆ ಮೂವ್ ಕಲಿಯಬಲ್ಲವರೆಲ್ಲ ಸಾಲಾಗಿ ಬರುತ್ತಾರೆ. ಅದರ ಮೇಲೆ ಫೇರಿ ಟೈಪ್ ಅಂತ ಇನ್ನೊಂದು ಫಿಲ್ಟರ್. ಸ್ಪೀಡ್ ಮೇಲೆ ಕ್ಲಿಕ್ ಮಾಡಿದರೆ ಆ ಪ್ರಕಾರ ಜೋಡಿಸಿಕೊಡುತ್ತದೆ. ಹ್ಯಾಟರೀನ್ ಅಲ್ಲೇ ಇರುತ್ತದೆ, ಬೇಸ್ ಸ್ಪೀಡ್ 29. ಟ್ರಿಕ್ ರೂಮ್‌ನಂಥ ಮೂವ್‌ಗಳನ್ನು ತಡೆಯುವ ಟಾಂಟ್ ಅನ್ನು ಅದರ ಮೇಲೆ ಹಾಕಿದರೆ, ಮ್ಯಾಜಿಕ್ ಬೌನ್ಸ್ ಎಬಿಲಿಟಿಯಿಂದ ಹಾಕಿದವರ ಮೇಲೇ ವಾಪಸ್. ಉಳಿದದ್ದು ಫೇಕ್ ಔಟ್‌ನ ಕಾಟ, ತಾಗಿದವರು ಆ ಟರ್ನ್ ಏನೂ ಮಾಡಲಾಗದ ಏಟು ಅದು. ಅದಕ್ಕೆ ಹೆಣ್ಣು ಇಂಡೀಡಿ. ಅದು ಬಂದರೆ ಸೈಕಿಕ್ ಟೆರೇನ್ ಹಾಸುತ್ತದೆ, ನೆಲದ ಮೇಲಿರುವ ನಮ್ಮವರಿಗೆ ಫೇಕ್ ಔಟ್ ತಾಗುವುದಿಲ್ಲ.

ಮೊದಲ ಟರ್ನ್ ಹೀಗೆ ನಡೆಯುತ್ತದೆ. ಇಂಡೀಡಿ ಫಾಲೋ ಮೀ ಹಾಕಿ ಏಟುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಟ್ರಿಕ್ ರೂಮ್‌ನ ಪ್ರಯಾರಿಟಿ, ಅಂದರೆ ಸರದಿಯ ಕ್ರಮಾಂಕ, ಮೈನಸ್ 7. ಎಲ್ಲರದ್ದೂ ಮುಗಿದ ಮೇಲೆ ಹ್ಯಾಟರೀನ್ ಸರದಿ. ಎದುರಿನ ಇಬ್ಬರೂ ಸೇರಿ ಇಂಡೀಡಿಯನ್ನು ಬೀಳಿಸಿದರೆ ಒಳ್ಳೆಯದೇ ಆಯ್ತು! ಟರ್ನ್ ಮುಗಿದ ಮೇಲೆ ಟಾರ್ಕೋಲ್ ಪೂರ್ತಿ ಹೆಲ್ತ್‌ನಲ್ಲಿ, ಒಂದು ಗೀರೂ ಇಲ್ಲದೆ ಇಳಿಯುತ್ತದೆ. ಟ್ರಿಕ್ ರೂಮ್ ಐದು ಟರ್ನ್ ಅನ್ನುತ್ತಾರೆ, ಹಾಕಿದ ಟರ್ನ್ ಕಳೆದರೆ ಕೈಗೆ ಸಿಗುವುದು ನಾಲ್ಕು. ಸ್ವಲ್ಪ ಅನುಭವ ಇರುವ ಎದುರಾಳಿ ಆ ನಾಲ್ಕರಲ್ಲಿ ಒಂದನ್ನು ಪ್ರೊಟೆಕ್ಟ್ ಹಾಕಿ ತಿನ್ನುತ್ತಾನೆ, ಇನ್ನೊಂದನ್ನು ಪೋಕೆಮಾನ್ ಬದಲಿಸಿ ತಿನ್ನುತ್ತಾನೆ. ಇಬ್ಬರಿಗೂ ಬಡಿಯುವ ಏಟುಗಳನ್ನು ತಡೆಯುವ ವೈಡ್ ಗಾರ್ಡ್ ಇಟ್ಟುಕೊಂಡವನು ಸಿಕ್ಕರೆ ಕೇಳುವುದೇ ಬೇಡ.

ಇಲ್ಲಿಗೆ ಟೀಮ್‌ಬಿಲ್ಡರ್‌ನ ಮಿತಿಯೂ ಗೊತ್ತಾಗುತ್ತದೆ. ತಂಡದ ಪರೀಕ್ಷೆ ಅಂತ ಒಂದಿದೆ, ಕಾನೂನು ಮಾತ್ರ ನೋಡುತ್ತದೆ. ಇವಿ ಒಟ್ಟು 510 ದಾಟಿತಾ, ಈ ಮೂವ್ ಇವನಿಗೆ ಬರುತ್ತದಾ, ಒಂದೇ ಪೋಕೆಮಾನ್ ಎರಡು ಸಲ ಇದೆಯಾ. ತಪ್ಪಿದ್ದರೆ ಎಲ್ಲಿ ಅಂತ ಸ್ಪಷ್ಟವಾಗಿ ಹೇಳುತ್ತದೆ, ಅದು ಸರಿ. ಆದರೆ ತಂಡಕ್ಕೆ ತಲೆಬುಡ ಇದೆಯಾ ಅಂತ ಕೇಳುವುದಿಲ್ಲ. ಉದಾಹರಣೆಗೆ ಹಿಸುಯಿ ಲಿಲಿಗಂಟ್. ಬೇಸ್ ಸ್ಪೀಡ್ 105, ಬಿಸಿಲಲ್ಲಿ ಕ್ಲೋರೋಫಿಲ್‌ನಿಂದ ಅದು ಎರಡರಷ್ಟು. ಆಫ್ಟರ್ ಯೂ ಅನ್ನುವ ಮೂವ್ ಹಾಕಿದರೆ ಟಾರ್ಕೋಲ್ ಅದರ ಬೆನ್ನಿಗೇ ಹೊಡೆಯುತ್ತದೆ, ಟ್ರಿಕ್ ರೂಮ್ ಹಂಗೇ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ಹ್ಯಾಟರೀನ್ ಟ್ರಿಕ್ ರೂಮ್ ಹಾಕಿದ ಮೇಲೆ ಇದೇ ಲಿಲಿಗಂಟ್ ಎಲ್ಲರಿಗಿಂತ ಹಿಂದೆ. ಎತ್ತು ಏರಿಗೆ, ಕೋಣ ನೀರಿಗೆ. ಎರಡು ದಾರಿಯನ್ನೂ ಒಂದೇ ತಂಡದಲ್ಲಿಟ್ಟು ಚೆನ್ನಾಗಿ ಆಡುವವರು ಇದ್ದಾರೆ: ಆರರಲ್ಲಿ ನಾಲ್ಕನ್ನು ಆರಿಸುವಾಗಲೇ ದಾರಿ ನಿರ್ಧರಿಸಿಬಿಡುತ್ತಾರೆ. ನನಗೆ ಅದು ಸರಿಹೋಗುವುದಿಲ್ಲ. ಒಂದೇ ದಾರಿ, ಅದನ್ನೇ ಗಟ್ಟಿ ಮಾಡು ಅನ್ನುವ ಜಾತಿ ನನ್ನದು.

ಸ್ಮೋಗನ್ ಪ್ರತಿ ತಿಂಗಳು ಶೋಡೌನ್ ಪಂದ್ಯಗಳ ಅಂಕಿಅಂಶ ಬಿಡುತ್ತದೆ. ಟಾರ್ಕೋಲ್ ಜೊತೆ ಯಾರನ್ನು ಜಾಸ್ತಿ ಹಾಕುತ್ತಾರೆ, ಯಾವ ಐಟಂ, ಯಾವ ಮೂವ್, ಎಲ್ಲ ಸಿಗುತ್ತದೆ. ನೋಡಿ, ಆದರೆ ಮೊದಲೇ ನೋಡಬೇಡಿ. ಪಟ್ಟಿಯಲ್ಲಿ ಇರುವ ಹೆಸರುಗಳನ್ನು ಎತ್ತಿ ಪೆಟ್ಟಿಗೆ ತುಂಬಿಸಿದರೆ ತಂಡ ಸಿದ್ಧ, ಯಾಕೆ ಅಂತ ಮಾತ್ರ ಗೊತ್ತಿರುವುದಿಲ್ಲ. ಇನ್‌ಸಿನರೋರ್ ಬಂದು ನಿಂತಾಗ ಕೈಕಾಲು ಆಡುವುದಿಲ್ಲ. ಅದಕ್ಕೆ ಬೆಂಕಿ ಅರ್ಧವೇ ತಾಗುತ್ತದೆ, ಹೊರಡುವಾಗ ಪಾರ್ಟಿಂಗ್ ಶಾಟ್ ಹಾಕಿ ನಮ್ಮ ಸ್ಪೆಷಲ್ ಅಟ್ಯಾಕ್ ಇಳಿಸಿ ಹೋಗುತ್ತದೆ. ಹೀಟ್ರಾನ್‌ನ ಫ್ಲ್ಯಾಶ್ ಫೈರ್ ಇನ್ನೂ ಕೆಟ್ಟದು, ಇರಪ್ಷನ್ ಕುಡಿದು ಬಲ ಹೆಚ್ಚಿಸಿಕೊಳ್ಳುತ್ತದೆ. ಅದಕ್ಕೇ ಟಾರ್ಕೋಲ್‌ಗೆ ಅರ್ಥ್ ಪವರ್ ಕೊಡುವುದು. ಹೀಟ್ರಾನ್‌ಗೆ ಅದು ನಾಲ್ಕು ಪಟ್ಟು.

ಲ್ಯಾಡರ್ (ಗೆದ್ದು ಸೋತು ಅಂಕ ಏರಿಳಿಯುವ ಶ್ರೇಯಾಂಕ ಪಟ್ಟಿ) ಬಗ್ಗೆ ಜಾಸ್ತಿ ಹೇಳುವುದಿಲ್ಲ. 1000 ಅಂಕದಿಂದ ಶುರು. ಕೆಳಗಿನ ಮೆಟ್ಟಿಲುಗಳಲ್ಲಿ ಈ ತಂಡ ಸುಮ್ನೆ ಗೆಲ್ಲುತ್ತದೆ, ಅದನ್ನು ನಂಬಬೇಡಿ. ತಂಡ ಪರೀಕ್ಷೆ ಮಾಡೋಕೆ ಮೂರು ಪಂದ್ಯಗಳ ಫಾರ್ಮ್ಯಾಟ್ ಒಳ್ಳೆಯದು. ಎದುರಿನವರಿಗೆ ನಿಮ್ಮ ಮೂವ್‌ಗಳು ಮೊದಲೇ ಕಾಣುತ್ತವೆ, ಎರಡನೇ ಪಂದ್ಯಕ್ಕೆ ನಿಮ್ಮ ಮೊದಲ ಟರ್ನ್ ಕೂಡ ಗೊತ್ತಾಗಿರುತ್ತದೆ. ಆಗಲೂ ನಿಂತರೆ ತಂಡ ನಿಜವಾಗಿ ನಿಂತಂತೆ. ರೀಪ್ಲೇ ಉಳಿಸಿಕೊಂಡು ಆಮೇಲೆ ಟರ್ನ್ ಟರ್ನ್ ಬಿಡಿಸಿ ನೋಡಬಹುದು.

ಕೊರತೆಗಳು? ತಂಡಗಳು ಮೊದಲಿಗೆ ನಿಮ್ಮ ಬ್ರೌಸರ್‌ನಲ್ಲೇ ಇರುತ್ತವೆ. ಬ್ರೌಸರ್ ಡೇಟಾ ಅಳಿಸಿದರೆ ಅವೂ ಹೋದವು. ಬ್ಯಾಕಪ್ ಗುಂಡಿ ಒತ್ತಿದರೆ ಎಲ್ಲವೂ ಸಾದಾ ಅಕ್ಷರಗಳಲ್ಲಿ ಬರುತ್ತದೆ, ಕಾಪಿ ಮಾಡಿ ಎಲ್ಲಾದರೂ ಇಟ್ಟುಕೊಳ್ಳಿ. ಫೋನಿನ ಸಣ್ಣ ಪರದೆಯಲ್ಲಿ ಇವಿ ಕಡ್ಡಿ ಎಳೆಯುವುದು ಕಷ್ಟ. ಆಡೋಕೆ ಫೋನ್ ನಡೆದೀತು, ಕಟ್ಟೋಕೆ ಕಂಪ್ಯೂಟರೇ ಬೇಕು. ಚಾಟ್ ರೂಮ್‌ಗಳ ಗದ್ದಲ ಬೇಡವಾದರೆ ಮುಚ್ಚಿಬಿಡಿ, ಆದರೆ ಅಲ್ಲಿ ಡಿಎಸ್ ಅನ್ನುವ ಹುಡುಕು ಕಮಾಂಡ್ ಇದೆ, ಅದನ್ನು ಕಲಿಯಿರಿ.

ನನ್ನ ತಂಡದಲ್ಲಿ ಅರ್ಸಲೂನಾ ಗಟ್ಟಿಯಾಗಿ ಕೂತಿದೆ. ಸ್ಪೀಡ್ 50, ಅಟ್ಯಾಕ್ 140, ಫ್ಲೇಮ್ ಆರ್ಬ್ ಹಿಡಿದು ತಾನೇ ಸುಟ್ಟುಕೊಂಡು, ಸುಟ್ಟಾಗ ಬಲ ಏರಿಸುವ ಗಟ್ಸ್ ಎಬಿಲಿಟಿಯಿಂದ ಫಸಾಡ್ ಮೂವ್ ಬೀಸುತ್ತದೆ. ನೆಲದ ಮೂವ್ ಬೇಕೇ ಬೇಕು, ಆದರೆ ಅರ್ಥ್‌ಕ್ವೇಕ್ ಬೇಡ, ಪಕ್ಕದಲ್ಲಿರುವ ಟಾರ್ಕೋಲ್‌ಗೇ ಎರಡು ಪಟ್ಟು ಬೀಳುತ್ತದೆ. ಹೈ ಹಾರ್ಸ್‌ಪವರ್ ಸಾಕು. ಜಗಳ ಇರುವುದು ಆರನೇ ಜಾಗದ್ದು. ಅಮೂಂಗಸ್ ಹಾಕಿದರೆ ನೀರಿನ ಏಟು ತಡೆಯುತ್ತದೆ, ಸ್ಪೋರ್ ಹಾಕಿ ಮಲಗಿಸುತ್ತದೆ, ಸ್ಪೀಡ್ ಕೂಡ 30. ಆದರೆ ನಮ್ಮದೇ ಬಿಸಿಲಲ್ಲಿ ಎದುರಿನವರ ಬೆಂಕಿ ಅದನ್ನು ಒಂದೇ ಏಟಿಗೆ ಬೂದಿ ಮಾಡುತ್ತದೆ. ಸದ್ಯಕ್ಕೆ ಅಮೂಂಗಸ್ ಇದೆ. ಆ ಪೆಟ್ಟಿಗೆಯನ್ನು ನಾನು ಇನ್ನೂ ಬದಲಿಸುತ್ತಲೇ ಇದ್ದೇನೆ.