ವ್ಯಾಗನ್‌ಆರ್ 2011: ಹಳೇ ಗಾಡಿ, ಹಿಂದಿನ ದಬ್ ದಬ್ ಸದ್ದು

ಮೊದಲೇ ಹೇಳಿಬಿಡುತ್ತೇನೆ, ಈ ಗಾಡಿಯನ್ನು ನಾನು ಸದ್ಯಕ್ಕೆ ಮಾರುವುದಿಲ್ಲ. ಮಾರುತಿ ವ್ಯಾಗನ್‌ಆರ್ ಎಲ್‌ಎಕ್ಸ್‌ಐ, 2011ರ ಮಾಡೆಲ್, 998 ಸಿಸಿಯ ಪೆಟ್ರೋಲ್ ಎಂಜಿನ್, ಕೆಎ 31 ನಂಬರು. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಹೊಸದಾಗಿ ತಂದ ದಿನದಿಂದ ನಮ್ಮ ಅಂಗಳದಲ್ಲೇ ಇದೆ. ಪೇಟೆಗೆ ಹೋಗಿಬರುವುದು, ಕುಮಟಾ ಕಡೆಯ ನೆಂಟರ ಮನೆ, ಕೋರ್ಟು ಕಚೇರಿ ಅಂತ ಕಾರವಾರ, ಸೊಸೈಟಿಗೆ ಅಡಿಕೆ ಚೀಲ, ಎಲ್ಲಕ್ಕೂ ಇದೇ.

ಎತ್ತರದ ಬಾಗಿಲು ಇದರ ದೊಡ್ಡ ಗುಣ. ಅಪ್ಪಯ್ಯನಿಗೆ ಮಂಡಿ ನೋವು. ಬೇರೆ ಕಾರಿನಲ್ಲಾದರೆ ಬಗ್ಗಿ, ತಿರುಗಿ, ಯಾರದ್ದೋ ಕೈ ಹಿಡಿದು ಕೂರಬೇಕು. ಇದರಲ್ಲಿ ಕುರ್ಚಿ ಮೇಲೆ ಕೂತಂತೆ ಸೀದಾ ಕೂರುತ್ತಾರೆ. ನೆಲದಿಂದ 165 ಮಿಲಿಮೀಟರ್ ಎತ್ತರ ಇರುವುದರಿಂದ ನಮ್ಮ ಮನೆಯ ಮಣ್ಣು ದಾರಿಗೂ ಸಾಕು. ಮೂರು ಸಿಲಿಂಡರಿನ ಎಂಜಿನ್, ನಿಂತಲ್ಲಿ ಸ್ವಲ್ಪ ನಡುಗುತ್ತದೆ. ಅದು ಅದರ ಸ್ವಭಾವ, ರೋಗ ಅಲ್ಲ.

ಈಗ ಸದ್ದಿನ ವಿಷಯ. ಹಳೇ ಗಾಡಿ ಇಟ್ಟುಕೊಂಡವರಿಗೆ ಇಷ್ಟು ಭಾಗವಾದರೂ ಉಪಯೋಗಕ್ಕೆ ಬಂದೀತು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನಿಂದ ದಬ್, ದಬ್, ದಬ್ ಅಂತ ಶುರುವಾಯಿತು. ಸೇತುವೆ ಮೇಲೆ ಜಾಯಿಂಟ್ ಸಿಕ್ಕಿದಾಗ ಯಾವ ಗಾಡಿಯಾದರೂ ಹಾಗೇ ಬಡಿಯುತ್ತದೆ. ಹೊನ್ನಾವರದ ಶರಾವತಿ ಸೇತುವೆ ದಾಟಿದವರಿಗೆ ಗೊತ್ತಿರುತ್ತದೆ. ಆದರೆ ಇದು ಸೇತುವೆ ದಾಟಿದ ಮೇಲೂ ನಿಲ್ಲಲಿಲ್ಲ. ನುಣುಪು ಡಾಂಬರಿನ ಮೇಲೂ ಅದೇ ತಾಳ.

ಸದ್ದು ಅಂದ ಕೂಡಲೇ ಸಲಹೆಗೆ ಬರವೇ? ಒಬ್ಬರು ಬೇರಿಂಗ್ ಅಂದರು, ಇನ್ನೊಬ್ಬರು ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸುವ ರಬ್ಬರ್ ಆಧಾರ) ಅಂದರು. ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡದೆಯೇ ನಾಲ್ಕೂ ಶಾಕ್ಸ್ (ಶಾಕ್ ಅಬ್ಸಾರ್ಬರ್), ಎಲ್ಲಾ ಬುಶ್ (ಕೀಲುಗಳ ನಡುವಿನ ರಬ್ಬರ್) ಬದಲಾಯಿಸಿ ಅಂತ ಪಟ್ಟಿ ಬರೆದುಕೊಟ್ಟರು. ಪಟ್ಟಿಯ ಮೊತ್ತ ಐದಂಕಿ ದಾಟಿತ್ತು. ಚೀಟಿ ಜೇಬಿಗೆ ಹಾಕಿಕೊಂಡು ಸುಮ್ನೆ ವಾಪಸ್ ಬಂದೆ.

ನನ್ನ ಲೆಕ್ಕ ಇಷ್ಟೇ. ಸದ್ದು ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ಕಾರಿನೊಳಗೆ ಸದ್ದು ಹುಟ್ಟಿದ ಜಾಗ ಕಿವಿಗೆ ಸರಿಯಾಗಿ ಸಿಗುವುದಿಲ್ಲ. ಇಂಥ ಡಬ್ಬಿಯಾಕಾರದ ಗಾಡಿಯಲ್ಲಿ ಅದು ಎಲ್ಲೆಲ್ಲೋ ಗುಂಯ್‌ಗುಡುತ್ತದೆ. ಆದರೆ ಸದ್ದು ಯಾವುದರ ಜೊತೆ ಹೆಚ್ಚು ಕಡಿಮೆ ಆಗುತ್ತದೆ ಅನ್ನುವುದನ್ನು ಯಾರು ಬೇಕಾದರೂ ಗಮನಿಸಬಹುದು. ಹೊಂಡಕ್ಕೆ ಇಳಿದಾಗ ಮಾತ್ರ ಬಂದರೆ ಶಾಕ್ಸ್, ಬುಶ್ ಕಡೆ ನೋಡಬೇಕು. ಕ್ಲಚ್ ಬಿಡುವಾಗ ಒಮ್ಮೆ ದಡ್ ಅಂದರೆ ಎಂಜಿನ್ ಮೌಂಟಿಂಗ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಟಕ್ ಟಕ್ ಅಂದರೆ ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟ್. ಬೇರಿಂಗ್ ಹೋದರೆ ಸಾಮಾನ್ಯವಾಗಿ ದಬ್ ಅನ್ನುವುದಿಲ್ಲ, ಹೂಂ ಅಂತ ಒಂದೇ ಸಮ ಗುನುಗುತ್ತದೆ, ತಿರುವಿನಲ್ಲಿ ರಾಗ ಬದಲಾಗುತ್ತದೆ.

ನಮ್ಮದು ಇದ್ಯಾವುದೂ ಅಲ್ಲ. ವೇಗ ಹೆಚ್ಚಿದರೆ ತಾಳ ಹೆಚ್ಚುತ್ತಿತ್ತು, ಇಳಿದರೆ ಇಳಿಯುತ್ತಿತ್ತು, ಅಷ್ಟೇ. ಬ್ರೇಕ್ ಮೆಲ್ಲಗೆ ಒತ್ತಿದರೂ ವ್ಯತ್ಯಾಸ ಇಲ್ಲ. ಖಾಲಿ ಇದ್ದ ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ಉರುಳಲು ಬಿಟ್ಟೆ, ಆಗಲೂ ಅದೇ ಸದ್ದು. (ದಯವಿಟ್ಟು ಇದನ್ನು ದೇವಿಮನೆ ಘಟ್ಟ ಇಳಿಯುವಾಗ ಮಾಡಬೇಡಿ.)

ಆಮೇಲೆ ಭಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕೈಗೆ ಮೊಬೈಲ್ ಕೊಟ್ಟು ರೆಕಾರ್ಡ್ ಮಾಡಿಸಿದೆ. ಮೀಟರಿನ ಮುಳ್ಳು 20ರಲ್ಲಿ ನಿಲ್ಲಿಸಿದ್ದೆ. "ಹಿಂದಿಂದ್ಲೇ ಬತ್ತಾ ಇದ್ದು ಭಾವಾ, ಎಡಗಡೆ" ಅಂದ. ಮನೆಗೆ ಬಂದು ಕೇಳಿ ಎಣಿಸಿದರೆ ಸೆಕೆಂಡಿಗೆ ಮೂರಕ್ಕಿಂತ ಚೂರು ಜಾಸ್ತಿ.

ಇಲ್ಲಿ ಸಣ್ಣ ಗಣಿತ ಇದೆ. ಈ ಗಾಡಿಗೆ 145/80 ಆರ್13 ಟಯರು. ಅದು ಒಂದು ಸುತ್ತು ತಿರುಗಿದರೆ ಸುಮಾರು 1.77 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ 5.55 ಮೀಟರ್. ಭಾಗಿಸಿದರೆ 3.1. ಅಂದರೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಂದು ದಬ್. ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಸೆಕೆಂಡಿಗೆ 13 ಆಯಿತು. ಹಾಗಾಗಿ ಎಂಜಿನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ. ಶಾಕ್ಸ್‌ಗೂ ಇಲ್ಲ, ಶಾಕ್ಸ್ ಸುತ್ತು ಎಣಿಸುವುದಿಲ್ಲ ಅಲ್ವಾ?

ಪೇಟೆಯ ಹೊರಗಿನ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್‌ಗೆ ರೆಕಾರ್ಡಿಂಗ್ ಕೇಳಿಸಿದೆ. ಪೂರ್ತಿ ಕೇಳುವ ಮೊದಲೇ, "ಹೆಗಡೇರೆ, ಬಿಚ್ಚೋದೆಲ್ಲ ಆಮೇಲೆ. ಮೊದ್ಲು ಟಯರ್ ನೋಡುವಾ" ಅಂದರು. ನನಗೆ ಒಂದೇ ಅನುಮಾನ. ಬ್ಯಾಲೆನ್ಸಿಂಗ್ ಮಾಡಿಸಿ ಹೆಚ್ಚು ದಿನ ಆಗಿರಲಿಲ್ಲ, ಮಷಿನ್ ಸೊನ್ನೆ ತೋರಿಸಿತ್ತು. ಅದಕ್ಕೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು: ಮಷಿನ್ ತೂಕ ನೋಡುತ್ತದೆ, ಆಕಾರ ನೋಡುವುದಿಲ್ಲ. ಟಯರು ಒಂದು ಕಡೆ ಉಬ್ಬಿದ್ದರೂ ಸೀಸದ ತುಂಡು ಬಡಿದು ತೂಕ ಸರಿದೂಗಿಸಬಹುದು.

ಹಿಂದಿನ ಎಡ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದರು. ಹೊರಗಿನಿಂದ ನೋಡಿದರೆ ಟಯರು ಲಕ್ಷಣವಾಗಿಯೇ ಇತ್ತು, ಗ್ರಿಪ್ಪೂ ಬೇಕಾದಷ್ಟಿತ್ತು. ಗೀರುಗಳಲ್ಲಿ ತುಂಬಿದ್ದ ಕೆಂಪು ಮಣ್ಣನ್ನು ನೀರು ಹಾಕಿ ತೊಳೆದರು. ಒಂದು ಸ್ಕ್ರೂಡ್ರೈವರ್ ತುದಿಯನ್ನು ಟಯರಿಗೆ ತಾಗದಂತೆ ಹತ್ತಿರ ಹಿಡಿದು ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರು. ಸುತ್ತಲೂ ಒಂದೇ ಅಂತರ. ಒಂದು ಜಾಗ ಬಂದಾಗ ತುದಿ ರಬ್ಬರಿಗೆ ಉಜ್ಜಿತು. "ಇಲ್ಲಿ ಕೈ ಇಡಿ" ಅಂದರು. ಚಕ್ರದ ಒಳಮಗ್ಗುಲಲ್ಲಿ, ನಿಂತು ನೋಡಿದರೆ ಕಾಣದ ಕಡೆ, ಅಂಗೈಯಗಲದ ಉಬ್ಬು. ಆ ಜಾಗದಲ್ಲಿ ಮಾತ್ರ ಗೀರು ಅಗಲವಾಗಿತ್ತು. ಅದರ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು.

ಟಯರಿನ ಗ್ರಿಪ್ಪಿನ ಕೆಳಗೆ ಉಕ್ಕಿನ ತಂತಿಯ ಪದರ ಇರುತ್ತದೆ. ವಯಸ್ಸು, ಬಿಸಿ, ಹೊಂಡದ ಪೆಟ್ಟು ಇವುಗಳಿಂದ ಪದರ ಮತ್ತು ರಬ್ಬರಿನ ಅಂಟು ಬಿಡುತ್ತದೆ. ಗಾಳಿ ಸೋರುವುದಿಲ್ಲ, ಪಂಕ್ಚರ್ ಆಗುವುದಿಲ್ಲ. ಸುಮ್ನೆ ಉಬ್ಬುತ್ತದೆ. ವೇಗವಾಗಿ ಓಡಿಸಿ ಬಿಸಿಯಾದಷ್ಟೂ ಬಿರುಕು ಬೆಳೆಯುತ್ತದೆ, ಕೊನೆಗೆ ಮೇಲಿನ ರಬ್ಬರ್ ಕಿತ್ತು ಹಾರಲೂಬಹುದು. ಬಹಳ ದಿನ ನಿಂತ ಗಾಡಿಯ ಟಯರು ತಳದಲ್ಲಿ ಚಪ್ಪಟೆಯಾಗಿಯೂ ಇಂಥದೇ ಸದ್ದು ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಸ್ವಲ್ಪ ದೂರ ಓಡಿ ಟಯರು ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ನಮ್ಮದು ದೂರ ಹೋದಷ್ಟೂ ಜೋರಾಗುತ್ತಿತ್ತು. ಡಿಕ್ಕಿಯಲ್ಲಿ ಅಡಿಕೆ ಚೀಲ ಇದ್ದರಂತೂ ಕೇಳುವುದೇ ಬೇಡ.

ಖಾತ್ರಿಗೆ ಅಂತ ಅದೇ ಚಕ್ರವನ್ನು ಮುಂದಕ್ಕೆ ಹಾಕಿ ಗ್ಯಾರೇಜಿನ ಪಕ್ಕದ ರಸ್ತೆಯಲ್ಲಿ ನಿಧಾನ ಓಡಿಸಿದೆವು. ಹಿಂದಿನ ಸದ್ದು ಮಾಯ. ಸ್ಟಿಯರಿಂಗ್ ಕೈಯಲ್ಲಿ ಒದರತೊಡಗಿತು. ಅಲ್ಲಿಗೆ ಮುಗಿಯಿತು.

ನನಗೆ ಸಿಟ್ಟು ಬಂದಿದ್ದು ಟಯರಿನ ಮೈಮೇಲಿನ ನಂಬರು ನೋಡಿದಾಗ. ಪಕ್ಕದ ಗೋಡೆಯಲ್ಲಿ ನಾಲ್ಕಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇದರಲ್ಲಿ 4216 ಅಂತ ಇತ್ತು. 2016ರ 42ನೇ ವಾರದ್ದು. ನಾನು ಕೊಂಡ ಬಿಲ್ಲು 2018ರದ್ದು. ಎರಡು ವರ್ಷ ಅಂಗಡಿಯಲ್ಲಿ ಕೂತ ಮಾಲನ್ನು ಹೊಸದು ಅಂತ ಕೊಟ್ಟಿದ್ದರು. ಅಂಗಡಿಯ ಹೆಸರು ಇಲ್ಲಿ ಬೇಡ. ಟಯರು ಕೊಳ್ಳುವಾಗ ಜಿಗುಟುತನ ಅಂದುಕೊಂಡರೂ ಪರವಾಗಿಲ್ಲ, ಬಗ್ಗಿ ಆ ನಾಲ್ಕಂಕಿ ಓದಿಯೇ ದುಡ್ಡು ಕೊಡಿ. ಗ್ರಿಪ್ಪಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಅನ್ನುವುದು ಎಲ್ಲರಿಗೂ ಗೊತ್ತು, ವಯಸ್ಸನ್ನು ಯಾರೂ ಕೇಳುವುದಿಲ್ಲ. ನಮ್ಮಂಥ ಕಡಿಮೆ ಓಡುವ ಗಾಡಿಗಳಲ್ಲಿ ಗ್ರಿಪ್ ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ.

ಹಿಂದಿನ ಎರಡೂ ಟಯರು ಹೊಸದು ಹಾಕಿಸಿದೆ. ಜೇಬಿನ ಪಟ್ಟಿಗೆ ಹೋಲಿಸಿದರೆ ಖರ್ಚು ಏನೇನೂ ಅಲ್ಲ. ಶಾಕ್ಸ್ ಹಳೆಯದ್ದೇ ಇದೆ, ಎಣ್ಣೆ ಸೋರಿಲ್ಲ, ಇರಲಿ.

ಉಳಿದ ವಿಷಯ ಚುಟುಕಾಗಿ. ಘಟ್ಟ ಹತ್ತಿ ಇಳಿದರೂ ಮೈಲೇಜಿಗೆ ಬೇಸರ ಇಲ್ಲ. ಎತ್ತರದ ಗಾಡಿ ಆದ್ದರಿಂದ ತಿರುವಿನಲ್ಲಿ ಮೈ ವಾಲುತ್ತದೆ, ಹಿಂದೆ ಕೂತವರಿಗೆ ವಾಂತಿ ಬರುವಷ್ಟು ಆತುರ ಬೇಡ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಇಲಿ ಸೇರಿ ವಯರು ಕಡಿಯುತ್ತದೆ. ಇದು ಕಾರಿನ ತಪ್ಪಲ್ಲ, ನಮ್ಮ ಕೊಟ್ಟಿಗೆಯ ತಪ್ಪು. ಕರಾವಳಿಯಲ್ಲಿ ಎರಡು ದಿನ ಇದ್ದು ಬಂದರೆ ಅಡಿಭಾಗಕ್ಕೆ ನೀರು ಹೊಡೆಸಿ, ಉಪ್ಪುಗಾಳಿ ಬಿಡುವುದಿಲ್ಲ. ಬಿಡಿಭಾಗ ಶಿರಸಿಯಲ್ಲೇ ಸಿಗುತ್ತದೆ. 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸಬೇಕು. ಅದಕ್ಕೆ ಶುಲ್ಕ 5,000 ರೂಪಾಯಿ, ತಪಾಸಣೆ, ಹಸಿರು ತೆರಿಗೆ ಬೇರೆ. ಈ ಗಾಡಿಗೆ ಅಷ್ಟು ಕೊಡಬಹುದು.

ಇನ್ನೊಂದು ಕೆಲಸ ಬಾಕಿ ಇದೆ. ಸ್ಟೆಪ್ನಿ ತೆಗೆದು ನೋಡಿದರೆ ಅದರ ನಾಲ್ಕಂಕಿಯ ಕೊನೆಯಲ್ಲಿ 11 ಅಂತ ಇದೆ, ಗಾಡಿಯ ಜೊತೆ ಬಂದದ್ದು. ಸೊಸೈಟಿಯಲ್ಲಿ ಅಡಿಕೆಯ ಮುಂದಿನ ಲಾಟಿನ ದುಡ್ಡು ಕೈಗೆ ಬಂದ ಕೂಡಲೇ ಅದನ್ನೂ ಬದಲಿಸುತ್ತೇನೆ.