ಸಂಜೆ ಹೊತ್ತು ನೆಟ್ ಹೋಗ್ತಿದೆಯಾ? ಹೊಸ ರೌಟರ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

7,500 ರೂಪಾಯಿ ಹೋಯಿತು. ಹೋಗಲಿ, ಯಾರಿಗೂ ಹೇಳುವುದು ಬೇಡ ಅಂತ ಸುಮ್ಮನಿದ್ದೆ. ಆದರೆ ನಮ್ಮದೇ ಬೀದಿಯ ಇನ್ನೊಂದು ಮನೆಗೂ ನನಗೆ ರೌಟರ್ ಡಬ್ಬಿ ಮಾರಿದ ಲೈನ್‌ಮ್ಯಾನ್ ಹುಡುಗನೇ ಅದೇ ಡಬ್ಬಿ ಹಿಡಿದುಕೊಂಡು ಹೋಗಿದ್ದಾನೆ ಅಂತ ಮೊನ್ನೆ ಗೊತ್ತಾಯಿತು. ಆಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನಮ್ಮದು ಮೈಸೂರಿನ ಕುವೆಂಪುನಗರ. ಹಳೆಯ ಮನೆ, ಮರದ ಕಿಟಕಿ. ನಾನು ಸಂಜೆ ಆರೂವರೆಯಿಂದ ಎಂಟರವರೆಗೆ ಆನ್‌ಲೈನ್‌ನಲ್ಲಿ ಮಕ್ಕಳಿಗೆ ಕನ್ನಡ ಓದೋದು ಬರೆಯೋದು ಹೇಳಿಕೊಡುತ್ತೇನೆ. ಹೆಚ್ಚಿನವರು ದುಬೈನಲ್ಲಿರುವ ನಮ್ಮವರ ಮಕ್ಕಳು. ಫೆಬ್ರವರಿಯಲ್ಲಿ ಫೈಬರ್ ಹಾಕಿಸಿದೆ. ಲೈನ್‌ಮ್ಯಾನ್ ಹುಡುಗ ಕೇಬಲ್ಲನ್ನು ಕಿಟಕಿ ಮೂಲೆಯಿಂದಲೇ ಒಳಗೆ ತಂದ. "ಗೋಡೆ ತೂತು ಹೊಡೆಯೋದು ಬೇಡ ಅಕ್ಕ, ಸುಮ್ನೆ ಸುಣ್ಣ ಉದುರುತ್ತೆ" ಅಂದ. ನಮ್ಮ ಮನೆ ಬಗ್ಗೆ ಎಷ್ಟು ಕಾಳಜಿ ಅಂತ ಕಾಫಿ ಕೊಟ್ಟೆ.

ಮೇ ಕೊನೆಯವರೆಗೆ ಏನೂ ತೊಂದರೆ ಇರಲಿಲ್ಲ. ಜೂನ್‌ನಲ್ಲಿ ಶುರುವಾಯಿತು. ಬೆಳಿಗ್ಗೆಯೆಲ್ಲ ಸರಿ ಇರುತ್ತೆ, ಸಂಜೆ ಆರಾದರೆ ಡಬ್ಬಿಯಲ್ಲಿ ಕೆಂಪು ಲೈಟ್ ಮಿನುಗೋಕೆ ಶುರು. ಬರುತ್ತೆ, ಹೋಗುತ್ತೆ. ಫೋನಿನಲ್ಲಿ ವೈಫೈ ಗೀಟು ಪೂರ್ತಿ ಇರುತ್ತೆ, ಕೆಳಗೆ "ಇಂಟರ್ನೆಟ್ ಇಲ್ಲ" ಅಂತ ಬರುತ್ತೆ. ವೈಫೈ ಪೂರ್ತಿ ಇದ್ದೂ ನೆಟ್ ಇಲ್ಲ ಅಂದರೆ ಸಾಮಾನ್ಯವಾಗಿ ವೈಫೈ ಚೆನ್ನಾಗಿದೆ, ಹೊರಗಿನಿಂದ ಬರುವ ಲೈನೇ ಸರಿ ಇಲ್ಲ ಅಂತ ಅರ್ಥ. ಇಷ್ಟು ಸಣ್ಣ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಆ ಲೈನ್‌ಮ್ಯಾನ್ ಹುಡುಗನಿಗೆ ಗೊತ್ತಿತ್ತು. ಅದೇ ನನ್ನ ಸಿಟ್ಟು.

ಮೊದಲ ಸಲ ಬಂದಾಗ ರಾತ್ರಿ ಏಳು. ಡಬ್ಬಿಯಿಂದ ಹಸಿರು ಮೂತಿಯ ವಯರ್ ಕಿತ್ತು ಕೈಯಲ್ಲಿದ್ದ ಸಣ್ಣ ಮೀಟರಿಗೆ ಚುಚ್ಚಿದ. ಏನೋ ನಂಬರ್ ಬಂತು. "ಲೈನ್ ಪರ್ಫೆಕ್ಟ್ ಅಕ್ಕ, ಡಬ್ಬಿ ಹೋಗಿದೆ" ಅಂದ. ಊರಲ್ಲಿಲ್ಲದ ನಮ್ಮೆಜಮಾನರಿಗೆ ತೋರಿಸೋಣ ಅಂತ ಆ ಮೀಟರಿನ ಫೋಟೋ ತೆಗೆದುಕೊಂಡೆ. ಈ ಫೋಟೋ ನೆನಪಿಟ್ಟುಕೊಳ್ಳಿ.

ಡುಯಲ್ ಬ್ಯಾಂಡ್ ಅಂತ ಹೊಸ ಡಬ್ಬಿ, 3,200. ಮಾರನೇ ದಿನ ಸಂಜೆ ಮತ್ತೆ ಕೆಂಪು ಲೈಟ್. ಫೋನ್ ಮಾಡಿದರೆ "ಹೊಸದಲ್ವಾ ಅಕ್ಕ, ಸೆಟ್ ಆಗೋಕೆ ಒಂದು ವಾರ ಬೇಕು" ಅಂದ. ವಾರ ಕಾದೆ. ಆಮೇಲೆ "ನಿಮ್ಮ ಗೋಡೆ ದಪ್ಪ, ಬೂಸ್ಟರ್ ಹಾಕಬೇಕು" ಅಂದ. ನಾನು ಕೂರುವುದು ಡಬ್ಬಿಯಿಂದ ಆರು ಅಡಿ ದೂರದಲ್ಲಿ, ಅದೇ ಹಾಲ್‌ನಲ್ಲಿ. "ಯಾವ ಗೋಡೆಯಪ್ಪಾ?" ಅಂತ ಕೇಳಿದೆ. "ಅದು ನಿಮಗೆ ಅರ್ಥ ಆಗಲ್ಲ ಅಕ್ಕ, ಸಿಗ್ನಲ್ ಗೋಡೆಗೆ ಹೊಡೆದು ವಾಪಸ್ ಬರುತ್ತೆ." 1,600 ಕೊಟ್ಟೆ. ಬೂಸ್ಟರ್ ಮಾಡುವುದು ಇರುವ ವೈಫೈಯನ್ನು ದೂರಕ್ಕೆ ಮುಟ್ಟಿಸುವ ಕೆಲಸ ಅಷ್ಟೇ. ಲೈನಲ್ಲೇ ನೆಟ್ ಇಲ್ಲದಿದ್ದರೆ ಅದು ಏನನ್ನು ಮುಟ್ಟಿಸುತ್ತೆ? ಮೂರನೇ ಸಲ "ಸಂಜೆ ಎಲ್ಲರೂ ನೋಡ್ತಾರೆ, ಲೋಡ್ ಜಾಸ್ತಿ, ಮೇಲಿನ ಪ್ಲಾನ್ ಹಾಕಿಸಿ" ಅಂದ. ಮೂರು ತಿಂಗಳಿಗೆ ಮುಂಗಡ 2,700. ಎಲ್ಲವೂ ಅವನ ಸ್ವಂತ ನಂಬರಿಗೇ ಯುಪಿಐ. ಒಂದಕ್ಕೂ ಬಿಲ್ ಇಲ್ಲ. "ಆಫೀಸಿಂದ ಮೇಲ್ ಬರುತ್ತೆ ಅಕ್ಕ." ಇವತ್ತಿನವರೆಗೂ ಬಂದಿಲ್ಲ.

ಪ್ರತಿ ಸಲ ಹೋಗುವಾಗ ಓಟಿಪಿ ಕೇಳುತ್ತಿದ್ದ. ಕಂಪ್ಲೇಂಟ್ ಕ್ಲೋಸ್ ಮಾಡೋಕೆ. "ಇವತ್ತೇ ಕ್ಲೋಸ್ ಆಗದಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಅಕ್ಕ." ಪಾಪ ಅಂತ ಕೊಟ್ಟೆ. ಮೂರು ಸಲವೂ ಕೊಟ್ಟೆ. ಮೂರು ಸಲವೂ ಬೆಳಿಗ್ಗೆ ನೆಟ್ ಸರಿ ಇತ್ತು, ಸಂಜೆ ಹೋಯಿತು.

ಅಷ್ಟರಲ್ಲಿ ಇಬ್ಬರು ಮಕ್ಕಳು ಕ್ಲಾಸ್ ಬಿಟ್ಟರು. ಒಬ್ಬ ತಾಯಿ ತುಂಬಾ ಮರ್ಯಾದೆಯಿಂದಲೇ ಹೇಳಿದರು: "ಮೇಡಂ, ಮಗು ಅರ್ಧ ಅಕ್ಷರ ಬರೆದು ಕಾಯ್ತಾ ಕೂರುತ್ತೆ." ಆ ಮಾತು ದುಡ್ಡಿಗಿಂತ ಜಾಸ್ತಿ ಚುಚ್ಚಿತು.

ಗೊತ್ತಾಗಿದ್ದು ಹೇಗೆ ಅಂತೀರಾ? ಸೆಪ್ಟೆಂಬರಿನಲ್ಲಿ ಒಂದು ಸಂಜೆ ಕರೆಂಟ್ ಹೋಯಿತು. ಡಬ್ಬಿ ಯುಪಿಎಸ್‌ನಲ್ಲಿತ್ತು, ಕೆಂಪು ಲೈಟ್ ಮಿನುಗುತ್ತಲೇ ಇತ್ತು. ಫ್ಯಾನ್ ಇಲ್ಲ, ಸೆಕೆ. ಸೊಳ್ಳೆ ಬಂದರೆ ಬರಲಿ ಅಂತ ಕಿಟಕಿ ಬಾಗಿಲು ತೆಗೆದೆ. ಲೈಟ್ ಹಸಿರಾಯಿತು. ನೆಟ್ ಬಂತು. ಸೊಳ್ಳೆ ಜಾಸ್ತಿಯಾಗಿ ಮತ್ತೆ ಹಾಕಿದೆ. ಕೆಂಪು. ತೆಗೆದೆ, ಹಸಿರು. ಹಾಕಿದೆ, ಕೆಂಪು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಆ ಕಪ್ಪು ಕೇಬಲ್ ಚೌಕಟ್ಟಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡು, ಮೇಲೆ ಉಗುರಿನಷ್ಟು ಅಗಲ ಅಪ್ಪಚ್ಚಿಯಾಗಿತ್ತು. ಮಳೆಗೆ ಮರ ಉಬ್ಬಿ ಬಾಗಿಲು ಬಿಗಿಯಾಗಿದ್ದು ಜೂನ್‌ನಲ್ಲಿ. ನಾನು ಸೊಳ್ಳೆಗೆ ಅಂತ ಕಿಟಕಿ ಹಾಕುವುದು ದಿನಾ ಸಂಜೆ ಆರಕ್ಕೆ. ಅಲ್ಲೇ ನಿಂತುಬಿಟ್ಟೆ. ಕೈ ನಡುಗುತ್ತಿತ್ತು.

ಮಾರನೇ ದಿನ ಪರಿಚಯದವರ ಕಡೆಯಿಂದ ಬೇರೆ ಲೈನ್‌ಮ್ಯಾನ್ ಒಬ್ಬರನ್ನು ಕರೆಸಿದೆ. ಹಳೆಯ ಫೋಟೋ ತೋರಿಸಿದೆ. ಒಂದೇ ಕ್ಷಣ ನೋಡಿದರು. "ಮೈನಸ್ 29 ಅಂತ ಇದೆಯಲ್ಲ ಮೇಡಂ, ಇದರಲ್ಲಿ ನೆಟ್ ಎಲ್ಲಿ ನಿಲ್ಲುತ್ತೆ?" ಅಂದರು. ಕಿಟಕಿ ತೆಗೆದು ಅಳೆದರೆ ಮೈನಸ್ 21. ಸಾಮಾನ್ಯವಾಗಿ ಮೈನಸ್ 27ರವರೆಗೆ ಡಬ್ಬಿ ಹಿಡಿಯುತ್ತಂತೆ, ಅದಕ್ಕಿಂತ ಕೆಳಗೆ ಹೋದರೆ ಬಿಟ್ಟು ಬಿಟ್ಟು ಬರುತ್ತಂತೆ. ಫೈಬರ್ ಒಳಗೆ ಇರುವುದು ಕೂದಲಿನಷ್ಟು ತೆಳು ಗಾಜಿನ ಎಳೆ, ಅದರಲ್ಲಿ ಹರಿಯುವುದು ಬೆಳಕು. ಮಡಚಿದರೆ ಬೆಳಕು ಸೋರುತ್ತೆ. ಆ ಬೆಳಕು ಎಷ್ಟು ಬರುತ್ತಿದೆ ಅಂತ ತೋರಿಸುವುದೇ ಮೀಟರಿನ ನಂಬರ್. ಅದು 3 ಇಳಿದರೆ ಬೆಳಕು ಅರ್ಧಕ್ಕರ್ಧ ಕಮ್ಮಿ. 8 ಇಳಿದರೆ ಆರರಲ್ಲಿ ಒಂದು ಪಾಲೂ ಉಳಿಯಲ್ಲ. ಅಂದರೆ ಮೊದಲ ದಿನವೇ, ನನ್ನ ಕಣ್ಣೆದುರಿಗೇ, ಆ ಹುಡುಗ ಮೈನಸ್ 29 ನೋಡಿ "ಲೈನ್ ಪರ್ಫೆಕ್ಟ್" ಅಂದಿದ್ದ. ಸಾಕ್ಷಿ ಮೂರು ತಿಂಗಳು ನನ್ನ ಫೋನಿನಲ್ಲೇ ಇತ್ತು. ಇವರು ಗೋಡೆ ತೂತು ಮಾಡಿ ಲೈನ್ ಒಳಗೆ ತಂದು, ಕೇಬಲ್ ತುದಿ ಹೊಸದಾಗಿ ಮಾಡಿಕೊಟ್ಟರು. 350 ರೂಪಾಯಿ. ಹೊಸ ಡಬ್ಬಿ ಕಿತ್ತು ಹಳೆಯದನ್ನೇ ಹಾಕಿಸಿದೆ. ಕಿಟಕಿ ಹಾಕಿದರೂ ಒಂದು ಸಲವೂ ನೆಟ್ ಹೋಗಿಲ್ಲ.

ಫೋಟೋ ಕಳಿಸಿ ಆ ಹುಡುಗನನ್ನು ಕೇಳಿದೆ. ಮೊದಲು "ಆವತ್ತು ಮೀಟರ್ ಸರಿ ಇರಲಿಲ್ಲ ಅಕ್ಕ." ಆಮೇಲೆ "ಕಿಟಕಿ ಹಾಕಿದ್ದು ನೀವೇ ಅಲ್ವಾ?" ಕೊನೆಗೆ "ಬಾಕ್ಸ್ ಓಪನ್ ಆಗಿದೆ, ವಾಪಸ್ ಇಲ್ಲ." ಕಿಟಕಿ ಇರೋದೇ ಹಾಕೋಕೆ ತಾನೆ! ಆಫೀಸಿಗೆ ಫೋನ್ ಮಾಡಿದರೆ "ಮೂರೂ ಟಿಕೆಟ್ ನಿಮ್ಮ ಓಟಿಪಿಯಿಂದಲೇ ಕ್ಲೋಸ್ ಆಗಿದೆ ಮೇಡಂ. ಡಬ್ಬಿ ನಾವು ಮಾರಿಲ್ಲ, ಬಿಲ್ ತೋರಿಸಿ" ಅಂದರು. ನನ್ನ ಓಟಿಪಿಯನ್ನೇ ನನ್ನ ಮುಖಕ್ಕೆ ಹಿಡಿದರು.

ನೆಟ್ ಹೋದಾಗ ಮೊದಲು ಲೈಟ್ ನೋಡಿ. ಕೆಂಪು ಇದ್ದರೆ ಲೈನ್ ನೋಡಿಸಿ, ರೌಟರ್ ಅಲ್ಲ, ಬೂಸ್ಟರ್ ಅಲ್ಲ. ಮೀಟರ್ ಹಾಕಿದಾಗ ನಂಬರ್ ಎಷ್ಟು ಅಂತ ಬಾಯಿ ಬಿಟ್ಟು ಕೇಳಿ, ಫೋಟೋ ತೆಗೆಯಿರಿ. ತೊಂದರೆ ಯಾವ ಹೊತ್ತಿಗೆ ಆಗುತ್ತೋ ಆ ಹೊತ್ತು ದಾಟುವವರೆಗೆ ಓಟಿಪಿ ಕೊಡಬೇಡಿ, ಯಾರು ಎಷ್ಟು ಪಾಪ ಅನ್ನಿಸಿದರೂ ಕೊಡಬೇಡಿ. ಬಿಲ್ ಇಲ್ಲದೆ ಒಂದು ರೂಪಾಯಿ ಹಾಕಬೇಡಿ. ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ಗೆ ಬರೆಯೋಣ ಅಂತ ಹೊರಟೆ, ಅವರು ಒಬ್ಬೊಬ್ಬರ ದೂರು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಯುಪಿಐ ಸ್ಕ್ರೀನ್‌ಶಾಟ್ ಮೂರೂ, ಮೀಟರ್ ಫೋಟೋ, ಅವನ ಮೆಸೇಜ್ ಎಲ್ಲ ಎತ್ತಿಟ್ಟಿದ್ದೇನೆ.

ನಿನ್ನೆ ಸಂಜೆ ಅವನೇ ಫೋನ್ ಮಾಡಿದ. "ಕಂಪ್ಲೇಂಟ್ ವಾಪಸ್ ತಗೊಳ್ಳಿ ಅಕ್ಕ, 1,500 ಹಾಕ್ತೀನಿ." ಮೊದಲು ಆ ಮೂರಕ್ಕೂ ಬಿಲ್ ಕೊಡಪ್ಪಾ ಅಂದೆ. ಫೋನ್ ಇಟ್ಟ.