ಕೇಪ್ ಸನ್‌ಡ್ಯೂ ಬೀಜದ ಪೊಟ್ಟಣ: ಮೂರು ವರ್ಷ ಬೆಳೆಸಿದ ಮೇಲೆ

ಬೆಂಗಳೂರಿನ ನಮ್ಮ ಮನೆಯ ಪೂರ್ವದಿಕ್ಕಿನ ಬಾಲ್ಕನಿಯಲ್ಲಿ 2022ರ ಜೂನ್ ತಿಂಗಳಲ್ಲಿ ಕೇಪ್ ಸನ್‌ಡ್ಯೂ, ಅಂದರೆ ಡ್ರಾಸೆರಾ ಕೆಪೆನ್ಸಿಸ್ ಎಂಬ ಕೀಟಾಹಾರಿ ಗಿಡದ ಬೀಜಗಳನ್ನು ಬಿತ್ತಿದೆ. ಮೊಳಕೆ ಕಂಡ ವಾರದಲ್ಲೇ ಈ ವಿಮರ್ಶೆ ಬರೆದಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ, ಮುಂದಿನ ಬೇಸಿಗೆಯಲ್ಲಿ ಬರೆದಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ಮೂರು ವರ್ಷ ಕಳೆದ ಮೇಲೆ ನಾಲ್ಕು ಕೊಡುತ್ತಿದ್ದೇನೆ. ಬೀಜದಲ್ಲಿ ದೋಷವಿಲ್ಲ, ಪೊಟ್ಟಣದೊಳಗಿದ್ದ ಸೂಚನೆಯ ಚೀಟಿಯಲ್ಲಿ ಇದೆ.

ಇದಕ್ಕೂ ಮೊದಲು ಬೇರೊಬ್ಬ ಆನ್‌ಲೈನ್ ಮಾರಾಟಗಾರರಿಂದ ಕೊಂಡ ‘ಸನ್‌ಡ್ಯೂ ಬೀಜ’ಗಳು ಗುಂಡಗೆ, ಹೊಳೆಯುವ ಕಪ್ಪು ಬಣ್ಣದವಾಗಿದ್ದವು. ಅವುಗಳಿಂದ ಬೆಳೆದದ್ದು ದಂಟಿನ ಸೊಪ್ಪು. ಆದ್ದರಿಂದ ಪೊಟ್ಟಣ ಕೈಗೆ ಬಂದ ಕೂಡಲೇ ಬೀಜಗಳನ್ನು ಬಿಳಿ ಕಾಗದದ ಮೇಲೆ ಉದುರಿಸಿ ನೋಡುವುದು ಒಳ್ಳೆಯದು. ನಿಜವಾದ ಕೇಪ್ ಸನ್‌ಡ್ಯೂ ಬೀಜ ಕಪ್ಪಾಗಿ, ಎರಡೂ ತುದಿಗಳಲ್ಲಿ ಚೂಪಾಗಿ, ಕತ್ತರಿಸಿದ ಕೂದಲಿನ ಚೂರಿನಂತೆ ಕಾಣುತ್ತದೆ. ರಾಗಿ ಕಾಳಿನ ಪಕ್ಕದಲ್ಲಿಟ್ಟರೆ ಧೂಳೆಂದೇ ಅನಿಸುತ್ತದೆ. ನನಗೆ ಈ ಬಾರಿ ಬಂದವು ಹಾಗೆಯೇ ಇದ್ದವು, ಎಣಿಸಿದಾಗ 50ಕ್ಕಿಂತ ಹೆಚ್ಚೇ ಸಿಕ್ಕವು.

ಬೀಜದ ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು, ಹದಿನೈದು ದಿನಕ್ಕೊಮ್ಮೆ ಗೊಬ್ಬರದ ನೀರು ಹಾಕಬೇಕು ಎಂದು ಚೀಟಿಯಲ್ಲಿತ್ತು. ಎರಡೂ ತಪ್ಪು. ಇಷ್ಟು ಸಣ್ಣ ಬೀಜ ಮೊಳೆಯಲು ಬೆಳಕು ಬೇಕು. ಅದನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿ ಹಾಗೆಯೇ ಬಿಡಬೇಕು. ಇನ್ನು ಗೊಬ್ಬರದ ವಿಷಯ: ಸಾರವಿಲ್ಲದ ಜೌಗು ನೆಲದಲ್ಲಿ ಬದುಕುವುದಕ್ಕಾಗಿಯೇ ಈ ಗಿಡ ಎಲೆಯ ಮೂಲಕ ಕೀಟಗಳಿಂದ ಸಾರಜನಕ ಪಡೆಯುವ ದಾರಿ ಕಂಡುಕೊಂಡಿದೆ, ಬೇರಿಗೆ ಲವಣ ಸೇರಿದರೆ ಅದು ಸಾಯುತ್ತದೆ. ಅದೃಷ್ಟವಶಾತ್ ಬಿತ್ತುವ ಮೊದಲೇ ಇದನ್ನು ಬೇರೆಡೆ ಓದಿಕೊಂಡಿದ್ದೆ.

ಅರ್ಧ ಬೀಜಗಳನ್ನು ಸ್ಫ್ಯಾಗ್ನಮ್ ಪೀಟ್ (ಜೌಗು ನೆಲದ ಪಾಚಿ ಕೊಳೆತು ಆದ ಮಣ್ಣು) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮಪಾಲು ಬೆರೆಸಿದ ಕುಂಡದಲ್ಲಿ, ಉಳಿದರ್ಧವನ್ನು ಮೂರು ಬಾರಿ ತೊಳೆದ ಕೊಕೊಪೀಟ್‌ನಲ್ಲಿ ಬಿತ್ತಿ, ಎರಡನ್ನೂ ಒಂದು ಬೆರಳಿನಷ್ಟು ಮಳೆನೀರು ನಿಂತ ತಟ್ಟೆಯಲ್ಲಿಟ್ಟೆ. ಮೊಳಕೆ ಕಂಡದ್ದು 24ನೇ ದಿನ. ಕೊಕೊಪೀಟ್‌ನ ಸಸಿಗಳು ಎರಡು ಎಲೆಗೇ ನಿಂತುಹೋದವು, ಅದರಲ್ಲಿದ್ದ ಉಪ್ಪಿನಂಶ ಮೂರು ತೊಳೆತಕ್ಕೂ ಹೋಗಿರಲಾರದು. ಪೀಟ್‌ನಲ್ಲಿದ್ದ ಸಸಿಗಳನ್ನು ಭೂತಗನ್ನಡಿಯಲ್ಲಿ ನೋಡಿದ ದಿನ ಇಂದಿಗೂ ನೆನಪಿದೆ: ಗುಂಡುಪಿನ್ನಿನ ತಲೆಗಿಂತ ಚಿಕ್ಕದಾದ ಎಲೆ, ಅದರ ಸುತ್ತ ಏಳೆಂಟು ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲೂ ಇಬ್ಬನಿಯಂತೆ ಹೊಳೆಯುವ ಒಂದೊಂದು ಅಂಟಿನ ಹನಿ. ಅಷ್ಟು ಎಳೆಯ ಸಸಿಯೂ ಬೇಟೆಗೆ ಸಿದ್ಧವಾಗಿತ್ತು.

ಸಸಿಗಳು ತೀರ ನಿಧಾನವಾಗಿ ಬೆಳೆಯುತ್ತವೆ. ಅಕ್ವೇರಿಯಂ ಮೀನಿಗೆ ಹಾಕುವ ಒಣಗಿದ ಬ್ಲಡ್‌ವರ್ಮ್ ಪುಡಿ ಮಾಡಿ, ಹಲ್ಲುಕಡ್ಡಿಯ ತುದಿಗೆ ಅಂಟುವಷ್ಟನ್ನು ಎರಡು ವಾರಕ್ಕೊಮ್ಮೆ ಎಲೆಗಳ ಮೇಲಿಟ್ಟದ್ದರಿಂದ ಬೆಳವಣಿಗೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಾಯಿತು. ಹೆಚ್ಚಾದಲ್ಲೆಲ್ಲ ಬೂಷ್ಟು ಬಂತು. ಸಾರಜನಕವಿರುವ ವಸ್ತುಗಳಿಗೆ ಸನ್‌ಡ್ಯೂ ಎಲೆ ವಿಶೇಷವಾಗಿ ಸ್ಪಂದಿಸುತ್ತದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲೇ ವಿವರಿಸಿದ್ದಾರೆ. ನಾನೂ ಒಂದು ಎಲೆಯ ಮೇಲೆ ಮರಳಿನ ಕಣ, ಇನ್ನೊಂದರ ಮೇಲೆ ಹುಳದ ಪುಡಿ ಇಟ್ಟು ಕಾದೆ. ಮರುದಿನ ಬೆಳಗ್ಗೆ ಪುಡಿಯಿದ್ದ ಎಲೆ ಮಡಚಿಕೊಂಡಿತ್ತು, ಮರಳಿದ್ದ ಎಲೆ ಚಾಚಿಕೊಂಡೇ ಇತ್ತು.

ನನ್ನ ದೊಡ್ಡ ನಷ್ಟ ನೀರಿನಿಂದಾಯಿತು. 2023ರ ಮಾರ್ಚ್‌ನಲ್ಲಿ ಸಂಗ್ರಹಿಸಿದ್ದ ಮಳೆನೀರು ಮುಗಿದಾಗ, ಮನೆಯ ಆರ್‌ಒ ಫಿಲ್ಟರಿನ ನೀರು ಸಾಕೆಂದು ನಂಬಿ ಅದನ್ನೇ ತಟ್ಟೆಗೆ ಹಾಕತೊಡಗಿದೆ. ಮೂರು ವಾರದಲ್ಲಿ ಎಲೆಗಳ ಹನಿ ಆರಿತು, ಅಂಚು ಕಪ್ಪಾಯಿತು, ಉಳಿದಿದ್ದ 22 ಸಸಿಗಳಲ್ಲಿ 15 ಸತ್ತವು. ಆಮೇಲೆ ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಟಿಡಿಎಸ್ ಮೀಟರ್ ಕೊಂಡು ಅಳೆದರೆ 140 ಪಿಪಿಎಂ (ಹತ್ತು ಲಕ್ಷಕ್ಕೆ 140 ಭಾಗ) ತೋರಿಸಿತು; ಕುಡಿಯುವ ನೀರಿಗೆ ರುಚಿ ಬರಲೆಂದು ಫಿಲ್ಟರ್ ಖನಿಜಾಂಶವನ್ನು ಮತ್ತೆ ಬೆರೆಸುತ್ತಿತ್ತು. ಈ ಗಿಡಕ್ಕೆ 50ರ ಒಳಗಿರುವ ನೀರೇ ಬೇಕು. ಮೀಟರಿಗೆ ಬೀಜದಷ್ಟೇ ಬೆಲೆಯಾಗುತ್ತದೆ, ಆದರೆ ಅದನ್ನು ಬೀಜಕ್ಕಿಂತ ಮೊದಲು ಕೊಳ್ಳಬೇಕಾಗಿತ್ತು. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ತಾರಸಿಯ ಮಳೆನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡುತ್ತೇನೆ.

ಉಳಿದ ಏಳು ಗಿಡಗಳಲ್ಲಿ ಮೊದಲ ಹೂದಂಟು ಕಂಡದ್ದು 2023ರ ಅಕ್ಟೋಬರಿನಲ್ಲಿ. ಸುರುಳಿ ಬಿಚ್ಚುತ್ತ ಮೇಲೇಳುವ ದಂಟಿನಲ್ಲಿ ಬುಡದಿಂದ ತುದಿಯ ಕಡೆಗೆ, ಬೆಳಗಿನ ಬಿಸಿಲಿಗೆ ಒಂದೊಂದೇ ಗುಲಾಬಿ ಹೂ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಪರಾಗಸ್ಪರ್ಶಕ್ಕೆ ಇನ್ನೊಂದು ಗಿಡ ಬೇಡ. ಹೂ ತಾನಾಗಿಯೇ ಬೀಜ ಕಟ್ಟುತ್ತದೆ. ಆ ಬೀಜಗಳನ್ನು ಕಾಗದದ ಪೊಟ್ಟಣದಲ್ಲಿ ಫ್ರಿಜ್ಜಿನಲ್ಲಿಟ್ಟು ಕಳೆದ ಜೂನ್‌ನಲ್ಲಿ ಬಿತ್ತಿದಾಗ ಕುಂಡದ ತುಂಬ ಸಸಿಗಳೆದ್ದವು. ಕೊಟ್ಟ ಹಣ ಅಲ್ಲಿಗೇ ಸಾರ್ಥಕವಾಯಿತು. ಒಮ್ಮೆ ಸುಳಿಗೆ ಗಿಡಹೇನು ಬಂದಾಗ ಕುಂಡವನ್ನೇ ಮಳೆನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟೆ, ಔಷಧಿ ಬೇಕಾಗಲಿಲ್ಲ.

ನಮ್ಮ ಕರಾವಳಿಯ ಪದವುಗಳಲ್ಲಿ (ಮುರಕಲ್ಲಿನ ಎತ್ತರದ ಬಯಲುಗಳಲ್ಲಿ) ಮಳೆಗಾಲದಲ್ಲಿ ತಾನಾಗಿಯೇ ಬೆಳೆಯುವ ಡ್ರಾಸೆರಾ ಇಂಡಿಕಾ ಗಿಡವನ್ನು ಕಿತ್ತು ತರಬಹುದಲ್ಲ ಎಂದು ಕೆಲವರು ಕೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಜ ಉದುರಿಸಿ ಒಂದೇ ವರ್ಷದಲ್ಲಿ ಮುಗಿಯುವ ಗಿಡ. ಬೀಜ ಕಟ್ಟುವ ಮೊದಲೇ ಕಿತ್ತರೆ ಮುಂದಿನ ಮಳೆಗೆ ಆ ಜಾಗದಲ್ಲಿ ಏಳುವುದೇ ಕಡಿಮೆಯಾಗುತ್ತದೆ. ದಕ್ಷಿಣ ಆಫ್ರಿಕಾ ಮೂಲದ ಈ ಕೇಪ್ ಸನ್‌ಡ್ಯೂ ಬಹುವಾರ್ಷಿಕವಾದ್ದರಿಂದ ಕುಂಡಕ್ಕೆ ಹೆಚ್ಚು ಒಗ್ಗುತ್ತದೆ.

ಬೀಜ ಕಳಿಸಿದವರಿಗೆ ಚೀಟಿಯ ತಪ್ಪುಗಳನ್ನು ಎರಡು ಬಾರಿ ಬರೆದು ತಿಳಿಸಿದ್ದೇನೆ. ಕಳೆದ ತಿಂಗಳು ಗೆಳತಿಯೊಬ್ಬರು ತರಿಸಿದ ಪೊಟ್ಟಣದಲ್ಲೂ ಅದೇ ಚೀಟಿ ಇತ್ತು. ‘ಮಣ್ಣು ಮುಚ್ಚಬೇಡಿ, ಮಳೆನೀರು ಮಾತ್ರ ಹಾಕಿ’ ಎಂದು ಅದರಲ್ಲಿ ಮುದ್ರಿಸಿದ ದಿನ ಐದನೆಯ ನಕ್ಷತ್ರವನ್ನೂ ಕೊಡುತ್ತೇನೆ.